ವಿಶ್ವವಿದ್ಯಾಲಯದ ಕಲಾ ಕಟ್ಟಡ: ಕೆಲಸದ ಪಟ್ಟಿಯಿಂದ ಬೀಗದ ಕೈವರೆಗೆ ಹತ್ತು ಹಂತಗಳು

ಚಿತ್ರಕಲೆ, ಶಿಲ್ಪ, ಗ್ರಾಫಿಕ್ಸ್ (ಅಚ್ಚುಚಿತ್ರ), ಸಂಗೀತ, ನೃತ್ಯ, ನಾಟಕ ಎಲ್ಲ ಒಂದೇ ಸೂರಿನಡಿ ಬರಬೇಕು, ವಿದ್ಯಾರ್ಥಿಗಳು ಒಬ್ಬರ ಕೆಲಸ ಒಬ್ಬರು ನೋಡಿ ಕಲಿಯಬೇಕು. ಹೊಸ ಕಲಾ ಕಟ್ಟಡಕ್ಕೆ ಅನುದಾನ ಸಿಕ್ಕ ಯಾವ ಸಮಿತಿಯನ್ನು ಕೇಳಿದರೂ ಹೇಳುವುದು ಇದನ್ನೇ. ನಕ್ಷೆ ಬಿಡಿಸಿ ನೋಡಿದರೆ ಕಾಣುವುದೇ ಬೇರೆ: ನಡುವೆ ಉದ್ದನೆಯ ಕಾರಿಡಾರು, ಎರಡೂ ಕಡೆ ಒಂದೇ ಅಳತೆಯ ಕೋಣೆಗಳು, ಮಹಡಿಗೊಂದು ವಿಭಾಗ, ಮುಂದೊಂದು ಪೋರ್ಟಿಕೊ. ಒಟ್ಟಾಗಿ ಕೆಲಸ ಮಾಡುವ ಜಾಗ ಎಲ್ಲಿ ಎಂದು ಕೇಳಿದರೆ ನೆಲಮಹಡಿಯ ನಡುವಿನ ದೊಡ್ಡ ಖಾಲಿ ಹಾಲಿನ ಮೇಲೆ ಬೆರಳಿಡುತ್ತಾರೆ. ಆ ಹಾಲು ಉದ್ಘಾಟನೆಯ ದಿನ ತುಂಬುತ್ತದೆ. ಆಮೇಲೆ ಮುರಿದ ಕುರ್ಚಿ, ಹಳೆಯ ಬ್ಯಾನರುಗಳ ಗೋದಾಮಾಗುತ್ತದೆ.

ಕಲಾ ವಿದ್ಯಾರ್ಥಿಗಳು ಸೇರುವುದು ಬಕೆಟ್ಟಿಗೆ ನೀರು ಹಿಡಿಯುವಲ್ಲಿ, ಮಣ್ಣಿನ ಕೆಲಸ ಸುಡುವ ಕುಲುಮೆ, ಅಂದರೆ ಕಿಲ್ನ್, ತಣಿಯುವುದನ್ನು ಕಾಯುವಲ್ಲಿ, ಡ್ರಿಲ್ ಮೆಷಿನ್ನು ಇಸಿದುಕೊಳ್ಳುವ ಕೌಂಟರಿನಲ್ಲಿ, ಚಹಾ ಸಿಗುವಲ್ಲಿ. ಪಕ್ಕದವರ ಸದ್ದು, ಧೂಳು, ಆಸಿಡ್ ವಾಸನೆ ಓಡಿಸದಿದ್ದರೆ ಮಾತ್ರ ಅವರು ಅಲ್ಲಿ ನಿಲ್ಲುತ್ತಾರೆ. ಹಾಗಾಗಿ ಮೊದಲು ಬೇರ್ಪಡಿಸಬೇಕಾದ್ದನ್ನು ಬೇರ್ಪಡಿಸಿ, ಆಮೇಲೆ ಸೇರಿಸಬೇಕಾದ್ದನ್ನು ಸೇರಿಸಿ. ಕೆಳಗಿನ ಹಂತಗಳ ಕ್ರಮ ಅದಕ್ಕೇ ಹೀಗಿದೆ, ಅದನ್ನು ಬದಲಿಸಬೇಡಿ. ಏಳನೆಯ ಹಂತದಿಂದ ಶುರುಮಾಡಿ ಕೆಟ್ಟ ನಕ್ಷೆಗಳೇ ಹೆಚ್ಚು.

## ಮೊದಲು ಕೈಯಲ್ಲಿ ಇರಬೇಕಾದವು

ನಿವೇಶನದ ಏರುತಗ್ಗು ತೋರಿಸುವ ಕಾಂಟೂರ್ ನಕ್ಷೆ, ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂದು ಬಲ್ಲ ಕಾವಲುಗಾರನೊಬ್ಬ, ನಿಮ್ಮ ಊರಿನ ಅಕ್ಷಾಂಶದ ಸೂರ್ಯಪಥದ ಚಿತ್ರ, ಹವಾಮಾನ ಇಲಾಖೆಯ ಮಳೆ ಮತ್ತು ಗಾಳಿ ದಿಕ್ಕಿನ ಅಂಕಿಗಳು, ಉದ್ದದ ಟೇಪು, ಸದ್ದು ಅಳೆಯುವ ಮೊಬೈಲ್ ಆ್ಯಪು, ಒಂದು ಮೂಟೆ ಸುಣ್ಣದ ಪುಡಿ. ಆ್ಯಪಿನ ಅಳತೆ ಕರಾರುವಾಕ್ಕಾಗಿರುವುದಿಲ್ಲ. ಎರಡು ಕೋಣೆಗಳ ಸದ್ದನ್ನು ಹೋಲಿಸಲು ಅಷ್ಟು ಸಾಕು.

ಜೊತೆಗೆ, ಈಗಿನ ಕಟ್ಟಡದ ಒಂದು ವಾರದ ನಿಜವಾದ ಬಳಕೆಯ ದಾಖಲೆ ಬೇಕು. ವೇಳಾಪಟ್ಟಿಯಲ್ಲಿ ಬರೆದದ್ದು ಬೇರೆ, ನಡೆಯುವುದು ಬೇರೆ. ಬೆಳಿಗ್ಗೆ ಏಳು, ಮಧ್ಯಾಹ್ನ ಎರಡು, ರಾತ್ರಿ ಎಂಟಕ್ಕೆ ಪ್ರತಿ ಕೋಣೆಯಲ್ಲಿ ಎಷ್ಟು ಜನ ಏನು ಮಾಡುತ್ತಿದ್ದಾರೆ ಎಂದು ವಿದ್ಯಾರ್ಥಿಗಳಿಂದಲೇ ಬರೆಸಿ.

## ಹಂತ 1: ಕೋಣೆಗಳ ಪಟ್ಟಿ ಬದಿಗಿಡಿ, ಕೆಲಸಗಳ ಪಟ್ಟಿ ಮಾಡಿ

"ಶಿಲ್ಪ ವಿಭಾಗ: ಕೋಣೆ 4, ಸ್ಟಾಫ್ ರೂಮ್ 1" ಎಂದು ಬರೆದುಕೊಟ್ಟರೆ ವಾಸ್ತುಶಿಲ್ಪಿ ನಾಲ್ಕು ತರಗತಿ ಕೋಣೆ ಬರೆಯುತ್ತಾರೆ. ತಪ್ಪು ಅವರದಲ್ಲ. ಶಿಲ್ಪ ವಿಭಾಗದಲ್ಲಿ ನಡೆಯುವುದು ಮಣ್ಣು ಹದ ಮಾಡುವುದು, ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಎರಕ, ಕಲ್ಲು ಕೆತ್ತನೆ, ಮರಗೆಲಸ, ವೆಲ್ಡಿಂಗ್, ಲೋಹ ಎರಕ. ಇವುಗಳಲ್ಲಿ ಯಾವ ಎರಡಕ್ಕೂ ಒಂದೇ ನೆಲ, ಒಂದೇ ಗಾಳಿ, ಒಂದೇ ಬಾಗಿಲು ಒಗ್ಗುವುದಿಲ್ಲ.

ಪ್ರತಿ ಕೆಲಸಕ್ಕೂ ಒಂದು ಪುಟ ಮೀಸಲಿಡಿ. ಒಮ್ಮೆಗೆ ಎಷ್ಟು ಜನ, ಅತಿ ದೊಡ್ಡ ವಸ್ತುವಿನ ಅಳತೆ ಮತ್ತು ತೂಕ, ನೀರು, ವಿದ್ಯುತ್, ಎದ್ದೇಳುವ ಸದ್ದು, ಸಹಿಸಬಹುದಾದ ಸದ್ದು, ಧೂಳು, ಹೊಗೆ, ಬೆಳಕಿನ ಅಗತ್ಯ, ಕೆಲಸ ಅರ್ಧಕ್ಕೆ ನಿಂತಾಗ ಎಲ್ಲಿಡುವುದು, ಇಷ್ಟೂ ಅದರಲ್ಲಿರಲಿ. ಈ ಪುಟಗಳನ್ನು ತುಂಬಬೇಕಾದವರು ಅಧ್ಯಾಪಕರು ಮತ್ತು ಲ್ಯಾಬ್ ಸಹಾಯಕರು. ಸಹಾಯಕರನ್ನು ಬಿಟ್ಟರೆ ಸ್ಟೋರಿನ ವಿಷಯ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಸ್ಟೋರಿಗೆ ನನ್ನ ಲೆಕ್ಕ ಸ್ಟುಡಿಯೊ ವಿಸ್ತೀರ್ಣದ ಕಾಲು ಭಾಗ. ಹೆಚ್ಚಾಯಿತು ಎಂದು ಎಲ್ಲರೂ ಹೇಳುತ್ತಾರೆ. ನಾಲ್ಕು ವರ್ಷದ ಬಿವಿಎ (ದೃಶ್ಯಕಲಾ ಪದವಿ) ಕೋರ್ಸಿನ ಕ್ಯಾನ್ವಾಸುಗಳನ್ನು ಗೋಡೆಗೆ ಒರಗಿಸಿಟ್ಟರೆ ಎಷ್ಟು ಜಾಗ ತಿನ್ನುತ್ತವೆ ಎಂದು ಒಮ್ಮೆ ಅಳೆದು ನೋಡಿ, ಆಮೇಲೆ ಕಡಿಮೆ ಮಾಡಿ.

ಎಚ್ಚರಿಕೆಯ ಚಿಹ್ನೆ: ಪಟ್ಟಿಯಲ್ಲಿ ಮೂರಕ್ಕಿಂತ ಹೆಚ್ಚು ಕಡೆ "ವಿವಿಧೋದ್ದೇಶ ಕೊಠಡಿ" ಎಂದು ಕಂಡರೆ ಯಾರೋ ಯೋಚಿಸುವುದನ್ನು ನಿಲ್ಲಿಸಿದ್ದಾರೆ.

## ಹಂತ 2: ಯಾರಿಗೆ ಯಾರು ಆಗುವುದಿಲ್ಲ ಎಂದು ಗುರುತು ಮಾಡಿ

ಎಲ್ಲ ಕೆಲಸಗಳನ್ನು ಒಂದು ದೊಡ್ಡ ಹಾಳೆಯ ಮೇಲ್ಗಡೆ ಅಡ್ಡಲಾಗಿ, ಎಡಗಡೆ ಉದ್ದಕ್ಕೆ ಬರೆಯಿರಿ. ಚೌಕ ಚೌಕದಲ್ಲಿ ಮೂರೇ ಗುರುತು: ಅಂಟಿಕೊಂಡಿರಬೇಕು, ಕಾಣುವಷ್ಟು ಹತ್ತಿರ ಸಾಕು, ದೂರ ಇರಲೇಬೇಕು.

ಕೆಲವು ಉತ್ತರಗಳು ಗೊತ್ತಿದ್ದವೇ. ಡೊಳ್ಳು, ಚೆಂಡೆ ಇರುವಲ್ಲಿ ವೀಣೆಯ ಪಾಠ ನಡೆಯದು. ಮರ ಕುಯ್ಯುವ ಧೂಳು ಎಣ್ಣೆಬಣ್ಣ ಆರುವ ಕೋಣೆಗೆ ಬರಬಾರದು. ಆದರೆ "ಕಾಣುವಷ್ಟು ಹತ್ತಿರ" ಎಂಬ ನಡುವಿನ ಗುರುತೇ ಮುಂದೆ ಕಟ್ಟಡವನ್ನು ಉಳಿಸುವುದು. ವೆಲ್ಡಿಂಗ್ ಶೆಡ್ಡು ಚಿತ್ರಕಲೆ ಸ್ಟುಡಿಯೊ ಪಕ್ಕ ಇರಬಾರದು ನಿಜ, ಅಂಗಳದ ಆಚೆ ಕಣ್ಣಿಗೆ ಬೀಳುವಂತೆ ಇದ್ದರೆ ಕಷ್ಟವೇನೂ ಇಲ್ಲ. ನಾಟಕದವರ ಸೆಟ್ ಕಟ್ಟುವ ಜಾಗ ಮತ್ತು ಶಿಲ್ಪದವರ ಮರಗೆಲಸದ ಜಾಗ ಅಂಟಿಕೊಂಡೇ ಇರಲಿ. ಒಂದೇ ಗರಗಸಕ್ಕೆ ಇಬ್ಬರೂ ಬರುತ್ತಾರೆ, ಪರಿಚಯ ತಾನಾಗಿ ಆಗುತ್ತದೆ.

ಈ ಹಾಳೆಗೆ ಎಲ್ಲ ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ. ನಕ್ಷೆ ಬಂದ ಮೇಲೆ "ನಮ್ಮ ವಿಭಾಗ ಪೂರ್ತಿ ಒಂದೇ ಮಹಡಿಯಲ್ಲಿ ಇರಲಿ, ಬೀಗ ನಮ್ಮ ಹತ್ತಿರ ಇರಲಿ" ಎಂಬ ಮಾತು ಖಂಡಿತ ಬರುತ್ತದೆ. ಆಗ ತೋರಿಸಲು ಇದು ಬೇಕು.

## ಹಂತ 3: ಪ್ಲಾನಿಗಿಂತ ಮೊದಲು ಸೆಕ್ಷನ್

ಕಟ್ಟಡವನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ಕಾಣುವ ಚಿತ್ರ ಮೊದಲು ಬರೆಸಿ. ಯಾವ ಕೆಲಸ ಯಾವ ಎತ್ತರದಲ್ಲಿ ಎಂಬುದು ನಿರ್ಧಾರವಾಗುವುದು ಅಲ್ಲೇ.

ಭಾರ, ನೀರು, ಬೆಂಕಿ, ಕಾಲಿನ ಹೊಡೆತ ನೆಲಮಹಡಿಗೆ. ಅಂದರೆ ಕಲ್ಲು, ಲೋಹ, ಕಿಲ್ನ್, ಗ್ರಾಫಿಕ್ಸ್ ಪ್ರೆಸ್ಸು, ನೃತ್ಯ, ಸೆಟ್ ಕಟ್ಟುವುದು. ಸ್ಥಿರವಾದ ಬೆಳಕು ಬೇಕಾದ ಚಿತ್ರಕಲೆ ಮೇಲ್ಮಹಡಿಗೆ. ಕತ್ತಲೆ ಬೇಕಾದ ವಿಡಿಯೊ ಎಡಿಟಿಂಗ್, ಡಾರ್ಕ್ ರೂಮ್ ನಡುವಿನ ಜಾಗಕ್ಕೆ. ಕಿಟಕಿ ಸಿಗುವ ಗೋಡೆಯನ್ನು ಅವಕ್ಕೆ ಹಾಳುಮಾಡಬೇಡಿ.

ಎತ್ತರ ಎಲ್ಲ ಕಡೆ ಒಂದೇ ಇರಬೇಕಿಲ್ಲ. ಕಚೇರಿಗೆ 3 ಮೀಟರ್ ಸಾಕು, ಚಿತ್ರಕಲೆಗೆ 4.5 ಬೇಕು, ನಾಟಕದ ಪ್ರಯೋಗರಂಗದಲ್ಲಿ ದೀಪ ತೂಗಿಸುವ ಗ್ರಿಡ್ಡಿಗೇ 5.5ರಿಂದ 6 ಮೀಟರ್ ಬಿಡಿ. ನಮ್ಮ ಸರ್ಕಾರಿ ನಕ್ಷೆಗಳಲ್ಲಿ ಸ್ಲ್ಯಾಬು ಒಂದೇ ಮಟ್ಟಕ್ಕೆ ಎಳೆಯುವ ಅಭ್ಯಾಸ ಬಲವಾಗಿದೆ. ಎರಡು ಕಚೇರಿ ಮಹಡಿಗಳ ಪಕ್ಕ ಒಂದು ಎತ್ತರದ ಸ್ಟುಡಿಯೊ ಕೂರಿಸಿದರೆ ಲೆಕ್ಕ ಸರಿಹೋಗುತ್ತದೆ, ಮೇಲಿನ ಕಚೇರಿಯ ಕಿಟಕಿಯಿಂದ ಸ್ಟುಡಿಯೊ ಕಾಣುವುದು ಬೋನಸ್ಸು.

ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಪ್ರಸಿದ್ಧ ಉದಾಹರಣೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಲೆ ಮತ್ತು ವಾಸ್ತುಶಿಲ್ಪ ಕಟ್ಟಡ. ಪಾಲ್ ರುಡಾಲ್ಫ್ ವಿನ್ಯಾಸ ಮಾಡಿದ್ದು, ತೆರೆದದ್ದು 1963ರಲ್ಲಿ. ಒಳಗೆ 37 ಮಟ್ಟಗಳು, ನಡುವೆ ಭವ್ಯವಾದ ಹಾಲು. ಆ ಹಾಲು ಸಿಕ್ಕಿದ್ದು ವಾಸ್ತುಶಿಲ್ಪ ವಿದ್ಯಾರ್ಥಿಗಳಿಗೆ. ಚಿತ್ರಕಾರರು ಮೇಲ್ಗಡೆ ತಮಗೆ ಒಗ್ಗದ ಬೆಳಕಿನಲ್ಲಿ, ಶಿಲ್ಪಿಗಳು ತಳದಲ್ಲಿ ತಗ್ಗಿನ ಸೂರಿನಡಿ ಕೆಲಸ ಮಾಡಬೇಕಾಯಿತು. ದೂರುಗಳು ಮೊದಲಿನಿಂದಲೂ ಇದ್ದವು. 1969ರಲ್ಲಿ ಬೆಂಕಿಯೂ ಬಿತ್ತು. ಕಟ್ಟಡ ಪೂರ್ತಿ ನವೀಕರಣಗೊಂಡು ಮತ್ತೆ ತೆರೆದದ್ದು 2008ರಲ್ಲಿ. ಫೋಟೊದಲ್ಲಿ ಈಗಲೂ ಬೆರಗು ಹುಟ್ಟಿಸುತ್ತದೆ. ನಿಮ್ಮ ಸಮಿತಿ ಫೋಟೊ ನೋಡಿ ಮರುಳಾಗದಿರಲಿ.

ನೆಲಮಹಡಿಯ ಪಾಯದ ಮಟ್ಟವನ್ನೂ ಈ ಹಂತದಲ್ಲೇ ತೀರ್ಮಾನಿಸಿ. ಆವರಣದ ತಗ್ಗು ಮೂಲೆಯನ್ನು ಕಲಾ ವಿಭಾಗಕ್ಕೆ ತಳ್ಳುವುದು ಲೋಕದ ರೂಢಿ. ಅಮೆರಿಕದ ಅಯೊವಾ ವಿಶ್ವವಿದ್ಯಾಲಯದ ಕಲಾ ಕಟ್ಟಡ ನದಿಯ ಬದಿಯಲ್ಲಿತ್ತು, 2008ರ ಪ್ರವಾಹದಲ್ಲಿ ಹಾಳಾಯಿತು, ಬೇರೆಯದೇ ಕಟ್ಟಬೇಕಾಯಿತು. ಅದರ ವಿಷಯ ಏಳನೆಯ ಹಂತದಲ್ಲಿ ಬರುತ್ತದೆ.

## ಹಂತ 4: ಬೆಳಕು, ನಮ್ಮ ಅಕ್ಷಾಂಶದ ಲೆಕ್ಕದಲ್ಲಿ

"ಚಿತ್ರಕಲೆಗೆ ಉತ್ತರದ ಬೆಳಕು" ಎಂಬುದು ಎಲ್ಲರಿಗೂ ಬಾಯಿಪಾಠ. ಯುರೋಪಿನಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುವುದರಿಂದ ಅಲ್ಲಿ ಅದು ಸರಿ. ಬೆಂಗಳೂರು, ಮಂಗಳೂರುಗಳು ಸುಮಾರು 13 ಡಿಗ್ರಿ ಉತ್ತರದಲ್ಲಿವೆ. ಇಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಕಲಬುರಗಿಯಲ್ಲಿ ಈ ಅವಧಿ ಮೇ ಎರಡನೆಯ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ. ಉತ್ತರಕ್ಕೆ ಬೋಳು ಗಾಜು ಹಾಕಿ ಬಿಟ್ಟರೆ ಬೇಸಿಗೆಯ ಬಿಸಿಲು ನೇರ ಕ್ಯಾನ್ವಾಸಿಗೆ ಬೀಳುತ್ತದೆ.

ಪರಿಹಾರ ಸುಲಭ, ಖರ್ಚೂ ಕಡಿಮೆ. ಬೆಂಗಳೂರಿನಲ್ಲಿ ಜೂನ್ 21ರ ನಡುಹಗಲು ಸೂರ್ಯ ಉತ್ತರ ದಿಗಂತದಿಂದ ಸುಮಾರು 80 ಡಿಗ್ರಿ ಎತ್ತರದಲ್ಲಿರುತ್ತಾನೆ. ಅಷ್ಟು ಕಡಿದಾದ ಬಿಸಿಲಿಗೆ ಗೋಡೆಯಿಂದ 60 ಸೆಂಟಿಮೀಟರ್ ಚಾಚಿದ ಸಜ್ಜಾ ಕೆಳಗಿನ 3.4 ಮೀಟರ್ ಗೋಡೆಗೆ ನೆರಳು ಕೊಡುತ್ತದೆ. ಉಳಿಯುವುದು ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು. ಅದೇ ದಿನ ಸೂರ್ಯ ಮುಳುಗುವುದು ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ. ಇದನ್ನು ತಡೆಯಲು ಕಿಟಕಿಯ ಪಕ್ಕಗಳಲ್ಲಿ ನಿಲುವು ಹಲಗೆಗಳು ಬೇಕು: ಸುಮಾರು ಒಂದು ಮೀಟರಿಗೊಂದರಂತೆ, 45 ಸೆಂಟಿಮೀಟರ್ ಆಳದವು. ಸಜ್ಜಾ ಮತ್ತು ಹಲಗೆ ಎರಡೂ ಇದ್ದರೆ ಉತ್ತರದ ಬೆಳಕು ನಮ್ಮಲ್ಲೂ ಮಾತು ಉಳಿಸಿಕೊಳ್ಳುತ್ತದೆ.

ಕಿಟಕಿಯನ್ನು ಎತ್ತರದಲ್ಲಿಡಿ, ಕೆಳಗಿನ 2.4 ಮೀಟರ್ ಗೋಡೆ ಕೆಲಸಕ್ಕೆ ಖಾಲಿ ಬಿಡಿ. ಆ ಗೋಡೆಗೆ ಇಟ್ಟಿಗೆಯ ಮೇಲೆ 18 ಮಿಲಿಮೀಟರ್ ಪ್ಲೈವುಡ್ ಹೊಡೆದು ಬಿಳಿ ಬಳಿಯಿರಿ. ಮೊಳೆ ಹೊಡೆಯಲಿ, ಅಂಟಿಸಲಿ, ಬಣ್ಣ ಸಿಡಿಸಲಿ, ವರ್ಷಕ್ಕೊಮ್ಮೆ ಮತ್ತೆ ಬಳಿದರಾಯಿತು. "ಗೋಡೆ ಹಾಳು ಮಾಡಬೇಡಿ" ಎಂಬ ಬೋರ್ಡು ಕಲಾ ಕಟ್ಟಡದಲ್ಲಿ ತೂಗುವುದಕ್ಕಿಂತ ದೊಡ್ಡ ವಿನ್ಯಾಸದೋಷ ಇಲ್ಲ.

ಪಶ್ಚಿಮಕ್ಕೆ ಮೆಟ್ಟಿಲು, ಶೌಚಾಲಯ, ಸ್ಟೋರು ಜೋಡಿಸಿ ಬಿಸಿಲಿಗೆ ಅಡ್ಡ ನಿಲ್ಲಿಸಿ.

ತಾರಸಿಗೆ ಮಟ್ಟಸವಾಗಿ ಗಾಜು ಕೂರಿಸುವ ಆಸೆ ಬಿಡಿ. ಬಿಸಿ, ಸೋರಿಕೆ ಎರಡಕ್ಕೂ ಅದೇ ದಾರಿ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಕಲಾಕೇಂದ್ರ ವೆಕ್ಸ್ನರ್ ಸೆಂಟರ್ 1989ರಲ್ಲಿ ತೆರೆದಾಗ ವಾಸ್ತುಶಿಲ್ಪಿ ಪೀಟರ್ ಐಸೆನ್‌ಮನ್ ಅವರಿಗೆ ಹೊಗಳಿಕೆಯ ಮಳೆ. ಆದರೆ ಗಾಜಿನಿಂದ ಬರುವ ಬೆಳಕು ಕಲಾಕೃತಿಗಳಿಗೆ ಅಪಾಯ ಎಂಬುದೂ ಸೇರಿದಂತೆ ತೊಂದರೆಗಳು ಹೆಚ್ಚಿ, 2002ರಿಂದ 2005ರವರೆಗೆ ಗ್ಯಾಲರಿಗಳನ್ನು ಮುಚ್ಚಿ ದುರಸ್ತಿ ಮಾಡಬೇಕಾಯಿತು.

ರಾತ್ರಿಗೆ ದೀಪ ಕೊಳ್ಳುವಾಗ ವ್ಯಾಟ್ ಮಾತ್ರ ನೋಡಬೇಡಿ, ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂದು ಹೇಳುವ ಸಿಆರ್‌ಐ 90ಕ್ಕಿಂತ ಹೆಚ್ಚಿರಲಿ. ಇಲ್ಲದಿದ್ದರೆ ರಾತ್ರಿ ಬೆರೆಸಿದ ಕೆಂಪು ಬೆಳಿಗ್ಗೆ ಬೇರೆ ಬಣ್ಣವಾಗಿರುತ್ತದೆ.

## ಹಂತ 5: ಸದ್ದು

ಅತಿ ಹೆಚ್ಚು ನಕ್ಷೆಗಳು ಸೋಲುವುದು ಇಲ್ಲಿ. ಸಂಗೀತದ ಕೋಣೆಗೆ 9 ಇಂಚಿನ ಗೋಡೆ ಹಾಕಿದ್ದೇವೆ ಎಂದು ಸಮಿತಿ ನೆಮ್ಮದಿಯಾಗಿರುತ್ತದೆ. ಗೋಡೆ ಒಳ್ಳೆಯದೇ. ಬಾಗಿಲು ಮಾತ್ರ ಸಾಮಾನ್ಯ ಫ್ಲಶ್ ಡೋರ್, ಕೆಳಗೆ ಬೆರಳು ತೂರುವ ಸಂದು. ಗೋಡೆಯ ನೂರನೇ ಒಂದು ಭಾಗ ತೆರೆದಿದ್ದರೂ ಸಾಕು, ಉಳಿದದ್ದು ಎಷ್ಟೇ ದಪ್ಪ ಇರಲಿ, ಒಟ್ಟು ತಡೆ 20 ಡೆಸಿಬೆಲ್ ದಾಟುವುದಿಲ್ಲ.

ಅದಕ್ಕಿಂತ ದೊಡ್ಡ ಪ್ರಶ್ನೆ ಕಿಟಕಿಯದು. ನಮ್ಮ ತರಗತಿಗಳಿಗೆ ಎಸಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಕಿಟಕಿ ತೆರೆದೇ ಇರುತ್ತದೆ. ಸದ್ದು ಈ ಕಿಟಕಿಯಿಂದ ಹೊರಬಿದ್ದು ಪಕ್ಕದ ಕಿಟಕಿಯಿಂದ ಒಳಬರುತ್ತದೆ, ನಡುವಿನ ಗೋಡೆಯನ್ನು ಕೇಳುವವರೇ ಇಲ್ಲ. ಆದ್ದರಿಂದ ನಮ್ಮಲ್ಲಿ ಸದ್ದಿನ ಲೆಕ್ಕ ಗೋಡೆಯ ದಪ್ಪದಿಂದ ಶುರುವಾಗಬಾರದು, ಕಿಟಕಿಯ ದಿಕ್ಕಿನಿಂದ ಶುರುವಾಗಬೇಕು. ತಾಳವಾದ್ಯದ ಕೋಣೆ ಕಟ್ಟಡದ ಒಂದು ತುದಿಯಲ್ಲಿ ಹೊರಮುಖವಾಗಿರಲಿ, ಗಾಯನದ ಕೋಣೆಗಳು ಬೇರೆ ದಿಕ್ಕಿಗೆ ತೆರೆಯಲಿ, ನಡುವೆ ಸ್ಟೋರು ಅಥವಾ ಮೆಟ್ಟಿಲು ಬರಲಿ. ಎರಡೂ ಕೋಣೆಗಳ ಕಿಟಕಿ ಒಂದೇ ಅಂಗಳಕ್ಕೆ ತೆರೆದರೆ ಕೆಲಸ ಕೆಟ್ಟಂತೆ. ನಾಲ್ಕು ಗಟ್ಟಿ ಗೋಡೆಯ ಅಂಗಳ ಸದ್ದನ್ನು ಬಾವಿಯಂತೆ ತುಂಬಿಕೊಳ್ಳುತ್ತದೆ. ಎಸಿ ಮತ್ತು ಮುಚ್ಚಿದ ಕಿಟಕಿ ರೆಕಾರ್ಡಿಂಗ್ ಕೋಣೆಗೊಂದಕ್ಕೆ ಸಾಕು.

ಇನ್ನು ಕೋಣೆಯೊಳಗಿನ ಪ್ರತಿಧ್ವನಿ. 12 ಮೀಟರ್ ಉದ್ದ, 10 ಅಗಲ, 4.5 ಎತ್ತರದ ಕೋಣೆ ತೆಗೆದುಕೊಳ್ಳಿ. ಘನ ಅಳತೆ 540, ಒಟ್ಟು ಮೇಲ್ಮೈ 438 ಚದರ ಮೀಟರ್. ಗಾರೆ ಗೋಡೆ, ಟೈಲ್ಸ್ ನೆಲ, ಬೋಳು ಸ್ಲ್ಯಾಬು ಇದ್ದರೆ ಮೇಲ್ಮೈ ಹೀರುವುದು ನೂರಕ್ಕೆ ಐದರಷ್ಟು, ಅಂದರೆ ಸುಮಾರು 22 ಚದರ ಮೀಟರ್ ಲೆಕ್ಕ. ಸದ್ದು ಅಡಗಲು ಹಿಡಿಯುವ ಹೊತ್ತನ್ನು ಲೆಕ್ಕಹಾಕುವ ಸೇಬಿನ್ ಸೂತ್ರದಂತೆ 0.161ನ್ನು 540ರಿಂದ ಗುಣಿಸಿ 22ರಿಂದ ಭಾಗಿಸಿದರೆ ಸುಮಾರು 4 ಸೆಕೆಂಡು. ಒಂದು ಸ್ವರ 4 ಸೆಕೆಂಡು ತೇಲುತ್ತಿದ್ದರೆ ಮುಂದಿನ ಸ್ವರ ಅದರಲ್ಲಿ ಮುಳುಗುತ್ತದೆ, ನಾಟಕದ ಮಾತಂತೂ ಗೊಜ್ಜಾಗುತ್ತದೆ. ಅದನ್ನು 1 ಸೆಕೆಂಡಿಗೆ ಇಳಿಸಲು ಸುಮಾರು 87 ಚದರ ಮೀಟರ್ ಹೀರುವಿಕೆ ಬೇಕು. ಸೂರಿಗೆ ಮರದ ನಾರಿನ ಹಲಗೆ, ಎರಡು ಗೋಡೆಗೆ ದಪ್ಪ ಪರದೆ ಹಾಕಿದರೆ ಅದರ ಹತ್ತಿರಕ್ಕೆ ಬರಬಹುದು. ಪರದೆ ಸರಿಯುವಂತಿರಲಿ. ಗಾಯನಕ್ಕೆ ತುಸು ಅನುರಣನ ಬೇಕು, ಮೃದಂಗದ ಪಾಠಕ್ಕೆ ಬೇಡ.

ನೃತ್ಯದ ಕೋಣೆಯನ್ನು ಮೊದಲ ಮಹಡಿಗೆ ಹಾಕಿದರೆ ಭರತನಾಟ್ಯದ ತಟ್ಟಡವಿನ ಪ್ರತಿ ಹೆಜ್ಜೆ ಕೆಳಗಿನ ಕೋಣೆಯ ಸೂರಿನಲ್ಲಿ ಕೇಳುತ್ತದೆ. ಸ್ಲ್ಯಾಬಿನ ಮೂಲಕ ಇಳಿಯುವ ಈ ಸದ್ದನ್ನು ಆಮೇಲೆ ತಡೆಯುವುದು ದುಬಾರಿ. ನೆಲಮಹಡಿಯಲ್ಲೇ ಇಡಿ, ಕಾಂಕ್ರೀಟಿನ ಮೇಲೆ ನೇರ ಟೈಲ್ಸ್ ಬೇಡ. ರಬ್ಬರ್ ಪ್ಯಾಡಿನ ಮೇಲೆ ರೀಪು, ಅದರ ಮೇಲೆ ಮರದ ಹಲಗೆ. ಇದು ಸದ್ದಿಗಷ್ಟೇ ಅಲ್ಲ, ಬರಿಗಾಲಲ್ಲಿ ದಿನವೂ ಗಂಟೆಗಟ್ಟಲೆ ಹೆಜ್ಜೆ ಹಾಕುವವರ ಮಂಡಿಗೂ ಮೊಣಕಾಲಿನ ಕೆಳಗಿನ ಎಲುಬಿಗೂ. ಕರಾವಳಿ, ಮಲೆನಾಡಾದರೆ ಹಲಗೆಯ ಕೆಳಗೆ ಗಾಳಿಯಾಡುವ ಕಿಂಡಿ ಮತ್ತು ಗೆದ್ದಲು ಮದ್ದು ಕಡ್ಡಾಯ.

## ಹಂತ 6: ಅಪಾಯದ ಕೆಲಸಗಳು

ಇಲ್ಲಿ ಸೌಂದರ್ಯದ ಚರ್ಚೆ ಬೇಡ, ತಪ್ಪಿದರೆ ಆಸ್ಪತ್ರೆ.

ಕಲ್ಲು ಕೆತ್ತನೆ ತೆರೆದ ಶೆಡ್ಡಿನಲ್ಲಿ, ನೀರು ಚಿಮುಕಿಸಿಕೊಂಡು. ಒಣ ಪೊರಕೆ ನಿಷೇಧ. ಕಲ್ಲಿನ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಹೊರಡುವುದಿಲ್ಲ. ಒಣಗಿದ ಜೇಡಿಮಣ್ಣಿನ ಧೂಳಿಗೂ ಇದೇ ಮಾತು. ಶೆಡ್ಡು ಎಲ್ಲಿರಬೇಕೆಂದು ಗಾಳಿ ನೋಡಿ ನಿರ್ಧರಿಸಿ. ನಮ್ಮಲ್ಲಿ ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ, ಚಳಿಗಾಲದ್ದು ಪೂರ್ವ, ಈಶಾನ್ಯದಿಂದ. ಪಶ್ಚಿಮಕ್ಕೋ ಪೂರ್ವಕ್ಕೋ ಇಟ್ಟರೆ ವರ್ಷದ ಅರ್ಧ ಧೂಳು ಕಟ್ಟಡದೊಳಕ್ಕೇ. ಉತ್ತರ ಅಥವಾ ದಕ್ಷಿಣದ ತುದಿ ವಾಸಿ.

ಲೋಹ ಎರಕದ ನೆಲ ಒಣಗಿಯೇ ಇರಬೇಕು, ಮೇಲೆ ಮರಳು ಹಾಸಿರಬೇಕು. ಕರಗಿದ ಕಂಚು ಹಸಿ ಕಾಂಕ್ರೀಟಿಗೆ ಬಿದ್ದರೆ ಒಳಗಿನ ತೇವ ಒಮ್ಮೆಲೇ ಆವಿಯಾಗಿ ಸಿಡಿಯುತ್ತದೆ. ಹಾಗಾಗಿ ಎರಕದ ಶೆಡ್ಡು ಮತ್ತು ನೀರು ಬಳಸುವ ಕಲ್ಲಿನ ಶೆಡ್ಡು ಒಂದೇ ಇಳಿಜಾರಿನಲ್ಲಿ ಇರಕೂಡದು.

ಕಿಲ್ನ್ ಮೊದಲ ಸುಡುವಿಕೆಯಲ್ಲೇ 900ರಿಂದ 1000 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ, ಸ್ಟೋನ್‌ವೇರಿಗೆ 1200 ದಾಟಬೇಕು. ಅದಕ್ಕೆ ಪ್ರತ್ಯೇಕ ತ್ರೀ ಫೇಸ್ ಲೈನು, ಹೊಗೆ ಹೊರಹೋಗುವ ದಾರಿ, ಬಾಗಿಲ ಹೊರಗೆ ಸ್ವಿಚ್ಚು ಇರಲಿ. ಬೇರೆ ಯಾವ ಸ್ಟೋರಿಗೂ ಆ ಕೋಣೆಯ ಮೂಲಕ ದಾರಿ ಇರಬಾರದು.

ಗ್ರಾಫಿಕ್ಸ್ ವಿಭಾಗದ ಆಸಿಡ್ ತೊಟ್ಟಿಗೆ ಎಕ್ಸಾಸ್ಟ್ ಫ್ಯಾನನ್ನು ಗೋಡೆಯ ಮೇಲ್ತುದಿಯಲ್ಲಿ ಕೂರಿಸುವುದು ಎಲ್ಲ ಕಡೆ ಕಾಣುವ ತಪ್ಪು. ಹೊಗೆ ಮೇಲೇರುವ ದಾರಿಯಲ್ಲಿ ವಿದ್ಯಾರ್ಥಿಯ ಮೂಗು ಸಿಗುತ್ತದೆ. ಎಳೆಯುವ ಬಾಯಿ ತೊಟ್ಟಿಯ ಹಿಂಬದಿಯಲ್ಲಿ, ಆಸಿಡ್ಡಿನ ಮಟ್ಟದಲ್ಲೇ ಇರಲಿ. ಎಳೆದಷ್ಟು ಗಾಳಿ ಒಳಬರಲು ಎದುರುಗಡೆ ಕಿಂಡಿ ಬೇಕು, ಕಣ್ಣು ತೊಳೆಯುವ ನಲ್ಲಿ ಕೈಗೆಟುಕುವಲ್ಲಿರಲಿ.

ಎಣ್ಣೆಬಣ್ಣ ಒರೆಸಿದ ಬಟ್ಟೆಗೆ ಮುಚ್ಚಳವಿರುವ ಲೋಹದ ಡಬ್ಬಿ. ಅಗಸೆ ಎಣ್ಣೆಯ ಚಿಂದಿ ರಾಶಿ ಬಿದ್ದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು.

ಸಿಂಕು: ನಲ್ಲಿಯ ಕೆಳಗೆ ಬಕೆಟ್ಟು ನೆಟ್ಟಗೆ ನಿಲ್ಲುವಷ್ಟು ಜಾಗ, ಪಿಒಪಿ ಮತ್ತು ಮಣ್ಣು ತಳಕ್ಕಿಳಿಯುವ ಗುಂಡಿ, ಗುಂಡಿ ತೆಗೆಯಲು ಮುಚ್ಚಳ. ಗುಂಡಿ ಇಲ್ಲದಿದ್ದರೆ ಮೊದಲ ವರ್ಷವೇ ಪೈಪಿನೊಳಗೆ ಪಿಒಪಿ ಕಲ್ಲಾಗುತ್ತದೆ.

## ಹಂತ 7: ಈಗ ಸೇರುವ ಜಾಗಗಳು

ಇಷ್ಟಾದ ಮೇಲೆ ಎಲ್ಲರೂ ಬಳಸುವ ಐದಾರು ಸಂಗತಿಗಳನ್ನು ಬರೆಯಿರಿ: ದೊಡ್ಡ ಸಿಂಕು, ಉಪಕರಣ ಕೊಡುವ ಕೌಂಟರು, ಮರಗೆಲಸದ ಯಂತ್ರಗಳು, ಪ್ರಿಂಟರು, ಕುಡಿಯುವ ನೀರು, ಚಹಾ. ಇವನ್ನು ವಿಭಾಗಕ್ಕೊಂದರಂತೆ ಹಂಚಬೇಡಿ. ಮೆಟ್ಟಿಲು ಮತ್ತು ಅಂಗಳ ಕೂಡುವಲ್ಲಿ ಒಟ್ಟಿಗೆ ಇಡಿ. ಶಿಲ್ಪದವರಿಗೂ ನಾಟಕದವರಿಗೂ ಸಮಾನ ದೂರ, ಯಾರ ಬೀಗದ ಒಳಗೂ ಇಲ್ಲ.

ಅಯೊವಾದ ಹೊಸ ದೃಶ್ಯಕಲಾ ಕಟ್ಟಡ 2016ರಲ್ಲಿ ತೆರೆಯಿತು, ವಿನ್ಯಾಸ ಸ್ಟೀವನ್ ಹೋಲ್ ಅವರದು. ಕಟ್ಟಡದ ಮೈಯಲ್ಲಿ ಏಳು ಕಡೆ ಮೇಲಿನಿಂದ ಕೆಳಗಿನವರೆಗೆ ಬೆಳಕಿನ ಅಂಗಳಗಳನ್ನು ಕೊರೆದಿದ್ದಾರೆ. ಸ್ಟುಡಿಯೊಗಳಿಗೂ ಓಡಾಡುವ ದಾರಿಗೂ ನಡುವೆ ಗಾಜು. ಮೆಟ್ಟಿಲುಗಳು ಅಲ್ಲಲ್ಲಿ ಅಗಲವಾಗಿ ಮೇಜು ಕುರ್ಚಿ ಹಿಡಿಸುವ ಜಾಗಗಳಾಗುತ್ತವೆ. ಗಾಜಿನ ಖರ್ಚು ನಕಲು ಮಾಡಬೇಕಿಲ್ಲ. ನಡೆಯುತ್ತ ಹೋಗುವವನಿಗೆ ಬೇರೆ ವಿಭಾಗದ ಅರ್ಧ ಮುಗಿದ ಕೆಲಸ ಕಾಣಬೇಕು ಎಂಬ ಯೋಚನೆ ತೆಗೆದುಕೊಳ್ಳಿ. ನಮ್ಮಲ್ಲಿ ಅದು ಬಾಗಿಲ ಪಕ್ಕದ ಒಂದು ನೀಳ ಕಿಟಕಿಯಿಂದ ಆಗುತ್ತದೆ.

ಕಾರಿಡಾರಿಗೆ ದೂರ ಹೋಗಬೇಕಿಲ್ಲ. ವಾಸ್ತುಶಿಲ್ಪಿ ಬಿ.ವಿ. ದೋಶಿ ವಿನ್ಯಾಸದ ಬೆಂಗಳೂರಿನ ಐಐಎಂನಲ್ಲಿ ಕಲ್ಲುಗೋಡೆಗಳ ನಡುವಿನ ದಾರಿಗಳು ಕೆಲವೆಡೆ ಅಗಲ, ಕೆಲವೆಡೆ ಎತ್ತರ, ಕೆಲವೆಡೆ ಮೇಲೆ ಬರೀ ಜಾಲರಿ. ನಿಂತು ಮಾತಾಡಬೇಕೆನಿಸುತ್ತದೆ. ನಿಮ್ಮ ನಕ್ಷೆಯಲ್ಲಿ ಕಾರಿಡಾರು ಉದ್ದಕ್ಕೂ ಒಂದೇ ಅಗಲ ಇರುವ ಬದಲು ಸ್ಟುಡಿಯೊ ಬಾಗಿಲುಗಳ ಮುಂದೆ 3.5 ಮೀಟರಿಗೆ ಹಿಗ್ಗಲಿ, ಅಲ್ಲೊಂದು 45 ಸೆಂಟಿಮೀಟರ್ ಎತ್ತರದ ಕಟ್ಟೆ ಇರಲಿ. ಕಟ್ಟೆ ಇದ್ದಲ್ಲಿ ಜನ ಕೂರುತ್ತಾರೆ, ಇದಕ್ಕೆ ಸಂಶೋಧನೆ ಬೇಡ. ಬೆಂಕಿ ಬಿದ್ದಾಗ ಹೊರಹೋಗುವ ದಾರಿಯ ಅಗಲವನ್ನು ಮಾತ್ರ ಕಟ್ಟೆ ತಿನ್ನಬಾರದು.

ರಂಗಸ್ಥಳಗಳ ವಿಷಯಕ್ಕೆ ಮೈಸೂರಿನ ಕಲಾಮಂದಿರದ ಆವರಣ ನೋಡಿಬನ್ನಿ. ದೊಡ್ಡ ಸಭಾಂಗಣ, ಕಿರುರಂಗಮಂದಿರ, ರಂಗಾಯಣದ ಭೂಮಿಗೀತ, ಬಯಲಿನ ವನರಂಗ ಎಲ್ಲವೂ ಒಂದೇ ಆವರಣದಲ್ಲಿವೆ. ಬಹುರೂಪಿ ನಾಟಕೋತ್ಸವದ ಸಂಜೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲೇ ಅರ್ಧ ಚರ್ಚೆ ನಡೆಯುತ್ತದೆ. ಸಾವಿರ ಜನರ ಒಂದೇ ಸಭಾಂಗಣಕ್ಕೆ ಎಲ್ಲ ಹಣ ಸುರಿಯುವ ಬದಲು 80 ಜನ ಹಿಡಿಸುವ ಕಪ್ಪು ಗೋಡೆಯ ಪ್ರಯೋಗರಂಗ ಮತ್ತು ಒಂದು ಬಯಲು ರಂಗ ಮಾಡಿದರೆ ವಿದ್ಯಾರ್ಥಿಗಳು ದಿನವೂ ಬಳಸುತ್ತಾರೆ. ಸಾವಿರ ಜನರದ್ದು ಘಟಿಕೋತ್ಸವಕ್ಕೆ ಬೇಕೆನ್ನುವುದಾದರೆ ಅದು ಬೇರೆ ಕಟ್ಟಡ, ಬೇರೆ ಅನುದಾನ.

ಅಂಗಳದ ಅಳತೆಯನ್ನು ಮಳೆ ತೀರ್ಮಾನಿಸುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಂಗಳೂರಿನಲ್ಲಿ ತೆರೆದ ಅಂಗಳ ನಾಲ್ಕು ತಿಂಗಳು ಕೊಳ. ಅಲ್ಲಿ ಸುತ್ತ ಅಗಲ ಜಗಲಿ, ಇಳಿಜಾರು ಮಾಡು, ನಡುವೆ ಚಿಕ್ಕ ತೆರವು ಸಾಕು. ವಿಜಯಪುರದಲ್ಲಿ ತೊಂದರೆ ಬಿಸಿಲಿನದು, ಅಂಗಳ ಕಿರಿದಾಗಿ ಆಳವಾಗಿದ್ದರೆ ನೆರಳು ಸಿಗುತ್ತದೆ. ಅಂತೂ ಬೆಂಗಳೂರಿನ ನಕ್ಷೆಯನ್ನು ಎರಡೂ ಕಡೆಗೆ ಕಳಿಸಬೇಡಿ.

## ಹಂತ 8: ಮೈದಾನದಲ್ಲಿ ಸುಣ್ಣದ ಗೆರೆ

ತ್ರೀಡಿ ಚಿತ್ರ ನೋಡಿ ಒಪ್ಪಿಗೆ ಕೊಡಬೇಡಿ. ಆಟದ ಮೈದಾನದಲ್ಲಿ ಒಂದು ಸ್ಟುಡಿಯೊ, ಅದರ ಮುಂದಿನ ಕಾರಿಡಾರು, ಒಂದು ಮೆಟ್ಟಿಲ ಮನೆ ಇಷ್ಟನ್ನು ನಿಜ ಅಳತೆಯಲ್ಲಿ ಸುಣ್ಣದ ಪುಡಿಯಿಂದ ಎಳೆಯಿರಿ. ಬಾಗಿಲಿರುವಲ್ಲಿ ಇಬ್ಬರು ಕೋಲು ಹಿಡಿದು ನಿಲ್ಲಲಿ. ಈಗ 8 ಅಡಿ ಉದ್ದ 6 ಅಡಿ ಅಗಲದ ಕ್ಯಾನ್ವಾಸ್ ಚೌಕಟ್ಟನ್ನು ಇಬ್ಬರು ವಿದ್ಯಾರ್ಥಿನಿಯರು ಹೊತ್ತು ಗೇಟಿನಿಂದ ಸ್ಟುಡಿಯೊದ ಗೋಡೆಯವರೆಗೆ ಬರಲಿ. ಕಾರಿಡಾರಿನ ತಿರುವಿನಲ್ಲಿ ಹಿಂದಿನವಳು ಗೆರೆ ತುಳಿದಳೇ? ಅಲ್ಲಿ ಗೋಡೆ ಇರುತ್ತದೆ. ಮೆಟ್ಟಿಲ ಲ್ಯಾಂಡಿಂಗಿನಲ್ಲಿ ಚೌಕಟ್ಟು ಓರೆ ಮಾಡಿದರೂ ತಿರುಗದಿದ್ದರೆ ಸಾಮಾನು ಲಿಫ್ಟು ಬೇಕು, ಅದನ್ನು ಎಸ್ಟಿಮೇಟಿಗೆ ಈಗಲೇ ಸೇರಿಸಿ.

ಗಾಲಿಕುರ್ಚಿಯಲ್ಲಿ ಒಬ್ಬರು ಅದೇ ದಾರಿ ಹಿಡಿಯಲಿ. ರ‍್ಯಾಂಪಿನ ಇಳಿಜಾರು 1ಕ್ಕೆ 12ಕ್ಕಿಂತ ಕಡಿದಾಗಿರಬಾರದು. ಒಂದು ಅಡಿ ಪಾಯ ಏರಲು 12 ಅಡಿ ರ‍್ಯಾಂಪು ಬೇಕು ಎಂಬುದು ಗೆರೆ ಎಳೆದ ಮೇಲೆಯೇ ಸಮಿತಿಗೆ ಅರ್ಥವಾಗುವುದು.

## ಹಂತ 9: ಎಸ್ಟಿಮೇಟು ಮತ್ತು ಟೆಂಡರ್

ಒಳ್ಳೆಯ ನಕ್ಷೆ ಸಾಯುವುದು ಸಾಮಾನ್ಯವಾಗಿ ಇಲ್ಲಿ, ಸದ್ದಿಲ್ಲದೆ. ಎಸ್‌.ಆರ್. (ಸರ್ಕಾರಿ ದರಪಟ್ಟಿ) ಪುಸ್ತಕದಲ್ಲಿ ಸಿಗದ ಐಟಂಗಳಿಗೆ, ಉದಾಹರಣೆಗೆ ಸದ್ದು ತಡೆಯುವ ಬಾಗಿಲು, ನೃತ್ಯದ ನೆಲ, ಆಸಿಡ್ ಎಕ್ಸಾಸ್ಟು, ದರ ವಿಶ್ಲೇಷಣೆ ಮಾಡಿ ಅನುಮೋದನೆ ಪಡೆಯಬೇಕು. ಅದು ರಗಳೆ ಎಂದು ಕೊನೆ ಗಳಿಗೆಯಲ್ಲಿ "ಸಮಾನವಾದ" ಐಟಂ ಹಾಕಿಬಿಡುತ್ತಾರೆ. ಬಾಗಿಲು ಫ್ಲಶ್ ಡೋರ್ ಆಗುತ್ತದೆ, ಮರದ ನೆಲ ವಿಟ್ರಿಫೈಡ್ ಟೈಲ್ಸ್ ಆಗುತ್ತದೆ. ತಾಂತ್ರಿಕ ಮಂಜೂರಾತಿಗೆ ಕಡತ ಹೋಗುವ ಮೊದಲೇ ಇಂತಹ ಐಟಂಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಮೂರು ದರಪಟ್ಟಿ ತರಿಸಿ ಜೊತೆಗಿಡಿ.

ಹಣ ಕಡಿಮೆ ಬಿದ್ದರೆ ಕಡಿತದ ಕ್ರಮವನ್ನೂ ಬರೆದಿಡಿ: ಮೊದಲು ಪೋರ್ಟಿಕೊ, ಆಮೇಲೆ ಹೊರಗಿನ ಕ್ಲಾಡಿಂಗು, ಫಾಲ್ಸ್ ಸೀಲಿಂಗು, ಗ್ರಾನೈಟ್ ನೆಲ. ಅದೂ ಸಾಲದಿದ್ದರೆ ಕಟ್ಟಡದ ಒಂದು ಪೂರ್ತಿ ಭಾಗವನ್ನು ನಿರ್ಮಾಣದ ಎರಡನೆಯ ಕಂತಿಗೆ ಬಿಡಿ. ಎಲ್ಲ ಕೋಣೆಗಳನ್ನೂ ಹತ್ತು ಪರ್ಸೆಂಟ್ ಕುಗ್ಗಿಸುವುದು ಅತಿ ಕೆಟ್ಟ ದಾರಿ, ಯಾವ ಕೋಣೆಯೂ ಕೆಲಸಕ್ಕೆ ಬರುವುದಿಲ್ಲ.

## ಹಂತ 10: ಬೀಗದ ಕೈ ಮತ್ತು ಮೊದಲ ವರ್ಷ

ಕಟ್ಟಡ ಕೈಗೆ ಬರುವ ಮೊದಲೇ ಮೂರು ಆದೇಶ ಹೊರಡಿಸಿ. ಸ್ಟುಡಿಯೊಗಳು ರಾತ್ರಿ ಎಷ್ಟು ಗಂಟೆವರೆಗೆ ತೆರೆದಿರುತ್ತವೆ, ಹಂಚಿಕೊಳ್ಳುವ ಯಂತ್ರಗಳಿಗೆ ಹೊಣೆ ಯಾವ ಸಿಬ್ಬಂದಿ, ಗೋಡೆಗಳ ಮೇಲೆ ವಿದ್ಯಾರ್ಥಿಗಳು ಏನು ಮಾಡಬಹುದು. ಸಂಜೆ ಐದಕ್ಕೆ ಬೀಗ ಬೀಳುವ ಕಟ್ಟಡದಲ್ಲಿ ಮೇಲಿನ ಒಂಬತ್ತು ಹಂತಗಳೂ ದಂಡ. ತಡರಾತ್ರಿ ತೆರೆದಿರಬೇಕೆಂದರೆ ಹಾಸ್ಟೆಲ್ ದಾರಿಗೆ ದೀಪ, ಕಾವಲು, ಪ್ರತಿ ಮಹಡಿಯಲ್ಲಿ ಸರಿಯಾದ ಮಹಿಳಾ ಶೌಚಾಲಯ ಇರಬೇಕು. ಇಲ್ಲವಾದರೆ ಅರ್ಧ ವಿದ್ಯಾರ್ಥಿಗಳಿಗೆ ಕಟ್ಟಡ ಐದಕ್ಕೇ ಮುಚ್ಚಿದಂತೆ.

ಮೊದಲ ಸೆಮಿಸ್ಟರ್ ಮುಗಿದಾಗ ಆರಂಭದಲ್ಲಿ ಮಾಡಿದಂತೆ ಮತ್ತೆ ಒಂದು ವಾರ ದಾಖಲೆ ತೆಗೆಯಿರಿ. ಕಟ್ಟೆಗಳು ಖಾಲಿ ಇದ್ದರೆ ಅಲ್ಲಿ ಬಿಸಿಲೋ ವಾಸನೆಯೋ ಇದೆ. ಪ್ಲಗ್ ಪಾಯಿಂಟು ಇಲ್ಲದೆಯೂ ಇರಬಹುದು, ಹುಡುಕಿ. ಯಾವುದಾದರೂ ವಿಭಾಗ ತನ್ನದೇ ಬೇರೆ ಚಹಾ ಕೆಟಲ್ ತಂದಿಟ್ಟುಕೊಂಡಿದ್ದರೆ ಹಂಚಿಕೆಯ ಜಾಗ ಅವರಿಗೆ ದೂರವಾಗಿದೆ ಎಂದೇ ಅರ್ಥ.

ಗುತ್ತಿಗೆದಾರರ ಠೇವಣಿ ಬಿಡುಗಡೆಯ ಕಡತ ದೋಷ ಹೊಣೆಗಾರಿಕೆಯ ಅವಧಿ (ದೋಷಗಳನ್ನು ಅವರೇ ಸರಿಪಡಿಸಬೇಕಾದ ಕಾಲ) ಮುಗಿಯುವ ಹೊತ್ತಿಗೆ ನಿಮ್ಮ ಮೇಜಿಗೆ ಬರುತ್ತದೆ. ಸಹಿ ಹಾಕುವ ಮೊದಲು ಜುಲೈನ ಜೋರು ಮಳೆಯಲ್ಲಿ ಒಮ್ಮೆ ತಾರಸಿಯ ಕೆಳಗಿನ ಪ್ರತಿ ಮೂಲೆ ನೋಡಿ. ಡೊಳ್ಳಿನ ತರಗತಿ ನಡೆಯುವಾಗ ಒಮ್ಮೆ ವೀಣೆಯ ಕೋಣೆಯಲ್ಲಿ ಕುಳಿತು ಆ್ಯಪು ತೆರೆಯಿರಿ. ಸಿಂಕಿನ ಗುಂಡಿಯ ಮುಚ್ಚಳ ತೆಗೆಸಿ ಒಳಗೆ ಇಣುಕಿ. ಮೂರರ ವಿವರವನ್ನೂ ದಿನಾಂಕ ಸಮೇತ ಕಡತದ ಟಿಪ್ಪಣಿಯಲ್ಲಿ ಬರೆದು, ಆಮೇಲೆ ಸಹಿ ಹಾಕಿ.